ಜೇಕಿನ ಹಾಳೆಗೆ ಮೂರನೇ ಚೀಟಿ

ಜೇಕನ್ನು ಎಲ್ಲರೂ ಹುಲ್ಲು ಅಂದುಕೊಳ್ಳುತ್ತಾರೆ. ದಂಟನ್ನು ಬೆರಳ ನಡುವೆ ಉರುಳಿಸಿ ನೋಡಿ, ಮೂರು ಅಂಚು ಸಿಕ್ಕರೆ ಅದು ಹುಲ್ಲಲ್ಲ, ಕೊನ್ನಾರಿ ಗಡ್ಡೆಯ ನೆಂಟ. ನಂಜನಗೂಡಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಜೇಕುಗಳ ಮೇಲೆ ಡಾಕ್ಟರೇಟ್ ಮಾಡಿದವಳು ಎಂಬ ಜಂಬ ಬೇರೆ. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆಗೆಲ್ಲ ತಿ. ನರಸೀಪುರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ನನ್ನ ಬಳಿ ಬರುತ್ತಿದ್ದರು. ಕಂಕುಳಲ್ಲಿ ಹಳೇ ಪೇಪರಿನ ಕಟ್ಟು, ಅದರೊಳಗೆ ಒತ್ತಿ ಒಣಗಿಸಿದ ಜೇಕು. ನದಿಯ ದಂಡೆ, ನಾಲೆ ಏರಿ, ತಲಕಾಡಿನ ಮರಳು, ಯಾವುದನ್ನೂ ಬಿಟ್ಟವರಲ್ಲ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನಾನು ಕೂರಿ ಅನ್ನುವವರೆಗೆ ನಿಂತೇ ಇರುತ್ತಿದ್ದರು.

ಒಂದು ಸಲ, ನೋಡಲು ಒಂದೇ ಥರ ಇದ್ದ ಎರಡು ಜೇಕು ತಂದು ಮೇಜಿನ ಮೇಲಿಟ್ಟರು.

"ಇವೆರಡೂ ಬ್ಯಾರೆ ಬ್ಯಾರೆ ಕಣ್ರೀ ಮೇಡಂ. ಬ್ಯಾಸ್ಗೇಲಿ ನಾಲೆ ನೀರು ನಿಂತ್ರೆ ಇದು ಒಣಗೋಯ್ತದೆ. ಅದು ಅಷ್ಟ್ ಬಿಸ್ಲಲ್ಲೂ ಅಸ್ರಾಗೇ ನಿಂತಿರ್ತದೆ."

ಲೆನ್ಸ್ ಇಟ್ಟು ತೆನೆ ನೋಡಿದೆ, ಕಾಳು ನೋಡಿದೆ. ಎರಡೂ ಒಂದೇ ಅನ್ನಿಸಿತು. "ಮೇಷ್ಟ್ರೇ, ಒಣಗೋದು ಬಿಡೋದು ನೋಡಿ ಗಿಡ ವಿಂಗಡಿಸೋಕಾಗಲ್ಲ. ನೀವು ಮಕ್ಕಳಿಗೆ ಪಾಠ ಮಾಡಿ, ಇದನ್ನ ನಮಗೆ ಬಿಡಿ" ಅಂದೆ. ಅಲ್ಲಿದ್ದ ನನ್ನ ವಿದ್ಯಾರ್ಥಿಗಳು ನಕ್ಕರು. ಮೇಷ್ಟ್ರೂ ನಕ್ಕರು. ಪೇಪರು ಮಡಿಸಿಕೊಂಡು ಹೊರಟರು.

ಆಮೇಲೆ ಅವರು ಬರಲೇ ಇಲ್ಲ. ಅದನ್ನು ನಾನು ಮನಸ್ಸಿಗೆ ತಂದುಕೊಳ್ಳಲೂ ಇಲ್ಲ. ಶನಿವಾರ ಬೇಗ ಮನೆಗೆ ಹೋಗಬಹುದಲ್ಲ ಅಂತ ಹಾಯೆನಿಸಿತ್ತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ, ಹೋಗಲಿಲ್ಲ.

ಈಚೆಗೆ ಜೇಕುಗಳನ್ನೆಲ್ಲ ಹೊಸದಾಗಿ ವಿಂಗಡಿಸುವ ಕೆಲಸದಲ್ಲಿ ನನಗೂ ಒಂದು ಪಾಲು ಬಂತು. ಹೊರಗಿನ ರೂಪವೊಂದನ್ನೇ ನಂಬುವಂತಿಲ್ಲ. ಎಲೆ, ದಂಟು ಕೊಯ್ದು ಒಳಗಿನ ರಚನೆ ನೋಡಬೇಕು, ಡಿಎನ್‌ಎ ಹೋಲಿಸಿ ಯಾವುದು ಯಾವುದಕ್ಕೆ ಹತ್ತಿರದ ಸಂಬಂಧ ಅಂತ ವಂಶವೃಕ್ಷ ಬರೆಯಬೇಕು. ಮೇಷ್ಟ್ರು ಹೇಳಿದ್ದ ನಾಲೆ ಏರಿಗೇ ಹೋಗಿ ಎರಡನ್ನೂ ಕಿತ್ತು ತಂದೆ. ಬ್ಲೇಡಿನಿಂದ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಒಂದರ ಎಲೆಯಲ್ಲಿ ಪ್ರತಿ ನಾಳಕ್ಕೂ ಹಸಿರು ಉಂಗುರವಿತ್ತು. ಸುಡುಬಿಸಿಲಿಗೆ ಜಗ್ಗದ ಎಷ್ಟೋ ಗಿಡಗಳಲ್ಲಿ ಕಾಣುವ ಗುರುತು ಅದು. ಇನ್ನೊಂದರಲ್ಲಿ ಉಂಗುರವಿರಲಿಲ್ಲ. ಡಿಎನ್‌ಎ ಫಲಿತಾಂಶ ಬಂದಾಗ ಎರಡೂ ವಂಶವೃಕ್ಷದ ಬೇರೆ ಬೇರೆ ಕೊಂಬೆಗಳಲ್ಲಿದ್ದವು.

ಆವತ್ತೇ ಕೊಯ್ದು ನೋಡಿದ್ದರೆ ಅರ್ಧ ಗಂಟೆಯ ಕೆಲಸ. ಬ್ಲೇಡು ಮೇಜಿನ ಮೇಲೇ ಇತ್ತು.

ನರಸೀಪುರಕ್ಕೆ ಹೋದೆ. ಮೇಷ್ಟ್ರ ಹೆಂಡತಿ ಟ್ರಂಕಿನಿಂದ ಹಾಳೆಗಳ ಕಟ್ಟು ತೆಗೆದುಕೊಟ್ಟರು. ಒಣಗಿಡ ಅಂಟಿಸಿದ ಹಾಳೆಗೆ ಒಂದು ಪದ್ಧತಿಯಿದೆ. ಮೊದಲು ಕೊಟ್ಟ ಹೆಸರು ತಪ್ಪೆಂದು ಗೊತ್ತಾದರೂ ಆ ಚೀಟಿ ಕೀಳುವಂತಿಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ತೀರ್ಮಾನ ಯಾರದು ಅಂತ ಬರೆಯಬೇಕು. ಅವರ ಚೀಟಿಯ ಪಕ್ಕ, ಅವರೇ ಸರಿ ಅಂತ ನನ್ನದೊಂದು ಅಂಟಿಸಿ ಬರೋಣ ಅಂತ ಹೋಗಿದ್ದೆ.

ಬಿಸಿಲಿಗೆ ಜಗ್ಗದ ಆ ಜೇಕಿನ ಮೊದಲ ಹಾಳೆ ತೆಗೆದೆ. 'ಇದು ಬೇರೆ ಪ್ರಭೇದ' ಅಂತ ಮೇಷ್ಟ್ರ ದುಂಡು ಅಕ್ಷರದ ಚೀಟಿ ಇತ್ತು. ಪಕ್ಕದಲ್ಲಿ ಇನ್ನೊಂದು, ಅದೂ ಅವರದೇ ಅಕ್ಷರ. 'ಬೇರೆಯಲ್ಲ, ಎರಡೂ ಒಂದೇ' ಅಂತ ಬರೆದು, ತೀರ್ಮಾನ ಅನ್ನುವ ಕಡೆ ನನ್ನ ಹೆಸರು ಬರೆದಿದ್ದರು, ಹಿಂದೆ ಡಾಕ್ಟರ್ ಸಮೇತ. ಆ ಜೇಕಿನ ಹನ್ನೆರಡು ಹಾಳೆಯಲ್ಲೂ ಹಾಗೇ ಇತ್ತು.

"ಅವತ್ತು ನಂಜನಗೂಡಿಂದ ಬಂದೋರು ಕಾಪೀನೂ ಕುಡೀಲಿಲ್ಲ" ಅಂದರು ಆಕೆ. "ಗೋಂದು ತಗಂಡು ಕೂತ್ರು. ಓದಿರೋರು ಯೋಳವ್ರೆ, ನಂದೇ ತಪ್ಪು ಅಂದ್ರು. ಆಮ್ಯಾಕೆ ಇದ್ರ ಕಡೆ ತಿರುಗಿ ನೋಡ್ಲಿಲ್ಲ."

ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಮೂರನೇ ಚೀಟಿ ಬರೆದು ಅಂಟಿಸಿದೆ.

"ಏನಂತ ಬರುದ್ರಿ?"

"ಮೇಷ್ಟ್ರು ಹೇಳಿದ್ದೇ ಸರಿ, ತಪ್ಪು ನನ್ನದು ಅಂತ."

ಆಕೆ ಚೀಟಿಯ ಅಂಚನ್ನು ಬೆರಳಿನಿಂದ ಒತ್ತಿ ಅಂಟಿಸಿದರು. "ಅವ್ರು ಇದ್ದಾಗ್ಲೇ ಬಂದು ಯೋಳಿದ್ರೆ ಎಷ್ಟ್ ಕುಸಿ ಪಡೋರು" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ, ಎರಡನೇ ಹಾಳೆ ತೆಗೆದು ನನ್ನ ಮುಂದಿಟ್ಟರು.