ಬೇವಿನ ಮರದ ಗಾಯ

ಮಾಸ್ತರ ಎಡಹುಬ್ಬು ನಡುವೆ ಸೀಳಿತ್ತು. ಹರೆಯದಲ್ಲಿ ಗುಡಿಯ ಗೋಡೆಗೆ ಬಣ್ಣ ಹಚ್ಚುವಾಗ ಅಟ್ಟಣಿಗೆಯಿಂದ ಬಿದ್ದ ಗುರುತು. ಯೋಚನೆಗೆ ಬಿದ್ದರೆ ಬಣ್ಣದ ಬೆರಳಿನಿಂದ ಅದನ್ನೇ ತಿಕ್ಕುತ್ತಿದ್ದರು. ಸಂಜೆಯ ಹೊತ್ತಿಗೆ ಅಲ್ಲೊಂದು ಹಸಿರು ಗೆರೆ ಇದ್ದೇ ಇರುತ್ತಿತ್ತು.

ಹೊಸಪೇಟೆಯಿಂದ ಸಂಡೂರಿನವರೆಗೆ ಎಷ್ಟೋ ಗುಡಿಗಳ ಗೋಡೆಯ ದೇವರುಗಳು ಅವರ ಕೈಯವು. ಆದರೆ ದೇವರಿಗಿಂತ ಮೊದಲು ಅವರು ಬರೆಯುತ್ತಿದ್ದುದು ಮರ: ಶಿವನಿಗೆ ಬಿಲ್ವ, ದತ್ತನಿಗೆ ಅತ್ತಿ, ಅಮ್ಮನಿಗೆ ಬೇವು. “ಮೊದ್ಲು ನೆಳ್ಳು ಮಾಡ್ಬೇಕು, ಆಮ್ಯಾಲೆ ದೇವ್ರನ್ನ ಕುಂದ್ರಿಸ್ಬೇಕು. ಬಿಸ್ಲಾಗ ಯಾರ್ ಕುಂದರ್ತಾರ?” ಎನ್ನುತ್ತಿದ್ದರು.

ನಾನು ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಅವರ ಜೊತೆ ಕೆಲಸಕ್ಕೆ ಸೇರಿದವಳು. ಸರ್ಟಿಫಿಕೇಟಿನ ಸೊಕ್ಕು ಸಾಕಷ್ಟಿತ್ತು.

ಸಂಡೂರು ಕಡೆಯ ವಡ್ಡು ಎಂಬ ಊರಿನ ಆಚೆಯ ಒಂದು ಹಳ್ಳಿಯಲ್ಲಿ ಅಮ್ಮನ ಗುಡಿಯ ಮುಂದಿದ್ದ ಬೇವು ಗಾಳಿಗೆ ಉರುಳಿತು. ಅಲ್ಲಿ ಅಮ್ಮ ಎಂದರೆ ಆ ಮರವೇ. ಒಳಗೆ ಬೇರೆ ಮೂರ್ತಿ ಇರಲಿಲ್ಲ. ಹೊಸ ಸಸಿ ನೆಟ್ಟರು. ಅದು ದೊಡ್ಡದಾಗುವವರೆಗೆ ಪೂಜೆಗೆಂದು ಗೋಡೆಯ ಮೇಲೆ ಮರ ಬರೆಯಲು ಊರ ಹಿರಿಯರು ನಮ್ಮನ್ನು ಕರೆದರು. ಮಾಸ್ತರಿಗೆ ಜ್ವರ. “ನಾನೊಬ್ಬಾಕಿನ ಮಾಡ್ತೀನ್ರಿ” ಎಂದು ಹೋದೆ. ಮೂರು ದಿನದಲ್ಲಿ ಬರೆದ ಬೇವು ನನ್ನ ಕಣ್ಣಿಗೆ ಬಲು ಲಕ್ಷಣವಾಗಿತ್ತು: ನೆಟ್ಟಗಿನ ಕಾಂಡ, ಎರಡೂ ಕಡೆ ಸಮನಾದ ಕೊಂಬೆ, ತೊಳೆದಿಟ್ಟಂಥ ಹಸಿರು.

ಮಂಗಳವಾರ ಹೆಂಗಸರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದರು. ನೋಡುತ್ತ ನಿಂತರು. ಒಬ್ಬ ಅಜ್ಜಿ, “ಚಂದ ಐತವ್ವ. ಆದ್ರ ಇಕಿ ನಮ್ಮವ್ವ ಅಲ್ಲ” ಎಂದಳು. ತಟ್ಟೆಗಳು ಹಾಗೇ ಮನೆಗೆ ಮರಳಿದವು. ಅಷ್ಟು ಅವಮಾನ ನನಗೆ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ.

ಮರುದಿನ ಮಾಸ್ತರು ಮಫ್ಲರ್ ಸುತ್ತಿಕೊಂಡು ಬಂದರು. ಬೈಯಲಿಲ್ಲ, ಕುಂಚವನ್ನೂ ಮುಟ್ಟಲಿಲ್ಲ. ಅಜ್ಜಿಯ ಮನೆಯ ಕಟ್ಟೆಯ ಮೇಲೆ ಕೂತು, ತೀರಿಹೋದವರ ಬಗ್ಗೆ ವಿಚಾರಿಸುವ ಹಾಗೆ, “ಯವ್ವಾ, ಅಕಿ ಹೆಂಗಿದ್ಲು ಹೇಳ್ರಿ” ಎಂದರು. ಅಜ್ಜಿ ಹೇಳತೊಡಗಿದಳು, ಉಳಿದ ಹೆಂಗಸರೂ ಸೇರಿಕೊಂಡರು. ಒಂದು ಕೊಂಬೆ ಬಾಗಿ ನೆಲ ಮುಟ್ಟುತ್ತಿತ್ತಂತೆ. ಪೊಟರೆಯಲ್ಲಿ ಗಿಳಿಗಳು. ಎಲೆಯ ಮೇಲೆ ಸದಾ ಅದಿರಿನ ಕೆಂಪು ಧೂಳು. ಸೊಂಟದೆತ್ತರದಲ್ಲಿ ಲಾರಿ ಉಜ್ಜಿದ ಗಾಯ. ಅದಕ್ಕೆ ಇವರು ವರ್ಷಗಟ್ಟಲೆ ಅರಿಸಿನ ಮೆತ್ತಿದ್ದರು.

ಮಾಸ್ತರು ನನ್ನ ಕಡೆ ತಿರುಗಿ, “ಕೇಳಿದೇನವಾ ತಂಗಿ? ಸುಣ್ಣ ಬಳಿ, ಮತ್ತ ಬರಿ” ಎಂದರು. ಬರೆದೆ. ಗಾಯದ ಹಳದಿ ಇನ್ನೂ ಹಸಿಯಿರುವಾಗಲೇ ಅಜ್ಜಿ ಬಂದು ಅದರ ಮೇಲೆ ನಿಜವಾದ ಅರಿಸಿನ ಮೆತ್ತಿಬಿಟ್ಟಳು. ನನ್ನ ಬಣ್ಣವೆಲ್ಲ ಕಲಸಿಹೋಯಿತು. “ಈಗ ಮುಗೀತ್ ನೋಡು ಚಿತ್ರ” ಎಂದು ಮಾಸ್ತರು ಹುಬ್ಬು ತಿಕ್ಕಿಕೊಂಡರು. ಅಂದಿನಿಂದ, ಮರವನ್ನು ಬಲ್ಲವರ ಕಟ್ಟೆಯ ಮೇಲೆ ಒಂದು ಗಳಿಗೆ ಕೂರದೆ ನಾನು ಯಾವ ಗೋಡೆಗೂ ಕೈ ಹಚ್ಚಿಲ್ಲ.

ಕಳೆದ ವರ್ಷ ಮಾಸ್ತರು ತೀರಿಕೊಂಡರು. ಹಾರ ಹಾಕಲು ಇದ್ದ ಫೋಟೊವನ್ನು ಸ್ಟುಡಿಯೊದವರು ತಿದ್ದಿ ಕೊಟ್ಟಿದ್ದರು. ಕೆನ್ನೆ ತುಂಬಿತ್ತು, ಹುಬ್ಬಿನ ಸೀಳು ಮುಚ್ಚಿಹೋಗಿತ್ತು. ಮಾಸ್ತರ ಹೆಂಡತಿ ಅದನ್ನು ಗೋಡೆಗೆ ಹಾಕಿಸದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ನಾನು ಫೋಟೊವನ್ನು ಚೌಕಟ್ಟಿನಿಂದ ಬಿಡಿಸಿ, ಸಣ್ಣ ಕುಂಚದಿಂದ ಹುಬ್ಬನ್ನು ನಡುವೆ ಸೀಳಿದೆ. ಅಲ್ಲೇ ಒಂದು ಎಳೆ ಹಸಿರನ್ನೂ ಇಟ್ಟೆ.

“ಈಗ ಬಂದ್ರು ನೋಡವಾ” ಎಂದು ಅವರು ದೀಪ ಹಚ್ಚಲು ಎದ್ದರು.