ಚಿಗವ್ವ ಹೇಳಿದ್ದು ನಿಜ

ಚಿಗವ್ವ, ಅವತ್ತು ಹರಿಹರದ ಸೇತುವೆಯ ಕೆಳಗೆ ನಾನು ಸುಳ್ಳು ಹೇಳಿದೆ. ಒಂದೇ ಮಾತು — "ಇವ್ರು ಯಾರೋ ನಂಗೊತ್ತಿಲ್ಲ ಸಾರ್."

ಬೀದಿಯಲ್ಲಿ ಮಲಗುವವರ ಮಾನಸಿಕ ಆರೋಗ್ಯ ತಪಾಸಣೆಗೆಂದು ದಾವಣಗೆರೆಯಿಂದ ಬಂದ ತಂಡದಲ್ಲಿ ನಾನಿದ್ದೆ. ಡಾಕ್ಟರರು ಪ್ರಶ್ನೆ ಕೇಳಬೇಕು, ನಾನು ಪಕ್ಕದಲ್ಲಿ ಕೂತು ಆ ಜನರನ್ನು ಮಾತಿಗೆಳೆಯಬೇಕು — ಅದು ನನ್ನ ಕೆಲಸ. ನೀನು ಭಾನುವಳ್ಳಿಯ ಮನೆ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಕೂದಲು ಜಡೆಗಟ್ಟಿ, ಮುಖ ಕಪ್ಪಿಟ್ಟಿತ್ತು. ಆದರೂ ಎರಡು ಕಾಲನ್ನೂ ನೀಳವಾಗಿ ಚಾಚಿ ಕೂತ ಆ ರೀತಿ — ನೋಡಿದ ತಕ್ಷಣ ಗುರುತು ಹತ್ತಿತು. ಆ ಕಾಲುಗಳ ಮೇಲೇ ಅಲ್ಲವೇ ನೀನು ನನ್ನನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆದದ್ದು?

"ನಿಮ್ಮೋರು ಅಂತ ಯಾರಿದಾರಮ್ಮ?" ಡಾಕ್ಟರರು ಕೇಳಿದರು.

ನೀನು ನನ್ನ ಕಡೆ ಕೈ ತೋರಿಸಿದೆ. "ಇಗಾ, ಇವ್ಳೇ ಐದಾಳಲ್ರಿ. ನಮ್ಮಕ್ಕನ ಮಗಳು, ಶಾರದಿ. ನಾನೇ ಎರೆದು ಬೆಳೆಸೀನಿ."

ಮರುವಾರ ಆನಗೋಡಿನಿಂದ ಗಂಡಿನವರು ನನ್ನನ್ನು ನೋಡಲು ಬರುವವರಿದ್ದರು. ಮನೆತನದಲ್ಲಿ ಹುಚ್ಚಿದೆ ಎಂದು ಗೊತ್ತಾದರೆ — ಅಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಗೊತ್ತಿಲ್ಲ ಎಂದುಬಿಟ್ಟೆ. ಸಾಲದ್ದಕ್ಕೆ, "ನನ್ನ ಕೊರಳಲ್ಲಿರೋ ಕಾರ್ಡ್ ನೋಡಿ ಹೆಸರು ಓದ್ಕೊಂಡಿರ್ಬೇಕು ಸಾರ್" ಅಂದೆ. ನಿನಗೆ ಓದು ಬಾರದೆಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕಂಡವರನ್ನೆಲ್ಲ ತನ್ನವರು ಅನ್ನುತ್ತಾಳೆ ಎಂದು ಡಾಕ್ಟರರು ಅದನ್ನೂ ಕಾಯಿಲೆಗೆ ಸೇರಿಸಿದರು. ತಪ್ಪು ಅವರದಲ್ಲ. ನಿನ್ನನ್ನು ದಾವಣಗೆರೆಯ ಆಶ್ರಯಕೇಂದ್ರಕ್ಕೆ ಕರೆದೊಯ್ದರು. ಅಲ್ಲಿ ನೀನು ನನ್ನ ಹೆಸರು ಹೇಳಿದಾಗಲೆಲ್ಲ ಮಾತ್ರೆ ಜಾಸ್ತಿ ಮಾಡಿದರಂತೆ. ನಾನು ಆ ಕೆಲಸ ಬಿಟ್ಟೆ, ಆ ಕಡೆ ತಲೆ ಹಾಕಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು. ಅವಳಿಗೆ ಎರೆಯಲು ಪಕ್ಕದ ಬೀದಿಯ ಅಜ್ಜಿ ಬರುತ್ತಿದ್ದಳು. ಬಚ್ಚಲಲ್ಲಿ ಆ ಅಜ್ಜಿ ಕಾಲು ಚಾಚಿ ಕೂತರೆ ಸಾಕು, ನನಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕೂಸು ಅತ್ತರೂ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದೆ.

ಕಳೆದ ವಾರ ಕೇಂದ್ರಕ್ಕೆ ಬಂದೆ. ಅದೇ ಡಾಕ್ಟರರ ಎದುರು ಕೂತು ಎಲ್ಲ ಹೇಳಿದೆ. ಅವರು ನಿನ್ನ ಹಳೆಯ ಕಡತ ತೆರೆದು ನೋಡಿದರು. ಆಮೇಲೆ ನಿನ್ನನ್ನು ಕರೆಸಿದರು. ನಿನ್ನ ತಲೆ ಬಾಚಿದ್ದರು, ಸೀರೆ ಶುಭ್ರವಾಗಿತ್ತು.

"ಚಿಗವ್ವ, ನಾನು ಶಾರದಿ" ಅಂದೆ.

ನೀನು ನೋಡಿದೆ. ಗುರುತು ಸಿಕ್ಕಿತು — ನಿನ್ನ ಕಣ್ಣಲ್ಲಿ ಅದು ಕಂಡಿತು ಚಿಗವ್ವ, ನನಗೆ ಕಂಡಿತು. ಆದರೆ ನೀನು ಗಾಬರಿಯಾಗಿ ಡಾಕ್ಟರರ ಕಡೆ ತಿರುಗಿ ಕೈ ಮುಗಿದೆ.

"ಇಲ್ರಿ ಸಾರ್, ನಂಗೆ ಯಾರೂ ಇಲ್ರಿ. ನಾನೀಗ ಆರಾಮ್ ಇದೀನಿ."