ಚಲೋ ಎಂಬ ಗೂಟ

ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವಾಗ ಹಿಂದಿನವನು ಟಿಫಿನ್ ಡಬ್ಬಿಯಿಂದ ನನ್ನ ಬೆನ್ನಿಗೆ ತಿವಿದು, "ಚಲೋ ಭಾಯ್, ಚಲೋ!" ಎಂದ. ನನಗೆ ನಗು ಬಂತು. ಡೊಂಬಿವಲಿಯಲ್ಲಿ ತಳ್ಳಿಸಿಕೊಂಡು ನಗುವವನಿಗೆ ಹುಚ್ಚಿರಬೇಕು, ಇಲ್ಲವೇ ಹಳೆಯದೇನೋ ನೆನಪಾಗಿರಬೇಕು. ನನಗೆ ಎರಡೂ ಇದ್ದೀತು.

ಹೊಸಬರನ್ನು ನೆನಪಿಡಲು ನನ್ನದೊಂದು ಪದ್ಧತಿಯಿದೆ. ಮೊದಲ ಭೇಟಿಯಲ್ಲೇ ಅವರ ದನಿಯ ಚೂರೊಂದನ್ನು ಕದ್ದು ತಲೆಯೊಳಗೆ ಗೂಟದಂತೆ ಬಡಿದುಕೊಳ್ಳುತ್ತೇನೆ. ಆಮೇಲೆ ತಿಳಿದದ್ದೆಲ್ಲ ಅದಕ್ಕೇ ನೇತುಬೀಳುತ್ತದೆ. ಟಿಟ್ವಾಳಾದಿಂದ ಬರುವ ಸಹಪ್ರಯಾಣಿಕರೊಬ್ಬರು ಸೀನಿದ ಮೇಲೆ "ಅಯ್ಯಯ್ಯೋ ರಾಮಾ" ಎಂದು ರಾಗ ಎಳೆಯುತ್ತಾರೆ. ಆ ರಾಗ ನೆನೆದರೆ ಸಾಕು, ಅವರ ಮೊಣಕಾಲು ನೋವು, ಮಗಳ ಟ್ಯೂಷನ್, ಸೊಸೈಟಿಯ ನೀರಿನ ಜಗಳ ಎಲ್ಲ ಸಾಲಾಗಿ ಬರುತ್ತವೆ. ಹೆಸರು ಮಾತ್ರ ಬರುವುದಿಲ್ಲ. ಹೀಗೆ ನನ್ನನ್ನೂ ಯಾರಾದರೂ ನೇತುಹಾಕಿಯಾರು ಎಂದು ನನಗೆ ಹೊಳೆದೇ ಇರಲಿಲ್ಲ.

ನಾನು ಮೆಚ್ಚಿದ ಅಕ್ಷತಾಳನ್ನು ಮದುವೆಯಾಗಲು ಅವಳಪ್ಪನ ಒಪ್ಪಿಗೆ ಬೇಕಿತ್ತು. ಅವರು ವಿಜಯಪುರದ ಕಡೆಯವರು, ಮನೆ ಕಾಮೋಠೆಯಲ್ಲಿ. ನಾನೋ ಉಡುಪಿ ಮೂಲದ, ಡೊಂಬಿವಲಿಯಲ್ಲೇ ಹುಟ್ಟಿದ ಪ್ರಾಣಿ. ಮೊದಲ ಸಲ ಹೋದಾಗ ಓದು, ಕೆಲಸ ಎಲ್ಲ ವಿಚಾರಿಸಿದರು. ಥಾಣೆಯಲ್ಲಿ ನೌಕರಿ ಪಕ್ಕಾ ಆಯಿತೆಂದೆ. ಅವರು ತಲೆದೂಗಿ, "ಚಲೋ" ಎಂದರು.

ನಮ್ಮ ಡೊಂಬಿವಲಿಯಲ್ಲಿ ಚಲೋ ಎಂದರೆ ಎದ್ದು ನಡೆ ಎಂದೇ ಅರ್ಥ. ಸಂದರ್ಶನ ಮುಗಿಯಿತು, ಫೇಲಾದೆ ಎಂದುಕೊಂಡು ಕೈಮುಗಿದು, ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದೆ.

"ಯಾಕಪಾ, ಚಾ ಕುಡೀಲಾರದ ಹೊಂಟಿ?"

"ನೀವೇ ಚಲೋ ಅಂದ್ರಲ್ಲ ಅಂಕಲ್!"

ಅಕ್ಷತಾ ಹಣೆ ಚಚ್ಚಿಕೊಂಡಳು. "ಅರೇ, ಅಚ್ಛಾ ಹುವಾ, ಒಳ್ಳೇದಾತು ಅಂದ್ರು ಪಪ್ಪಾ! ಅದು ಹಿಂದಿ ಚಲೋ ಅಲ್ಲ!"

ಅಲ್ಲಿಗೆ ಅವಳಪ್ಪನ ತಲೆಯಲ್ಲಿ ನನ್ನ ಗೂಟ ಬಡಿದಾಯಿತು. ಮುಂದೆ ಅವಳು ನನ್ನ ಬಗ್ಗೆ ಏನೇ ಒಳ್ಳೆಯದು ಹೇಳಲಿ, "ಯಾರು, ಆ ಚಪ್ಪಲಿ ಹುಡುಗನಾ? ಮಾತು ಮುಗಿಯೂದ್ರಾಗ ಎದ್ದು ಹೋಗಾವ್ನ ಕೈಯಾಗ ಮಗಳನ್ನ ಹೆಂಗ ಕೊಡೂದು?" ಎನ್ನುವರು. ರಜೆ ಹಾಕಿ ಅವರನ್ನು ಕಣ್ಣು ತೋರಿಸಲು ಕರೆದೊಯ್ದೆ. ಅದೂ ಅದೇ ಗೂಟಕ್ಕೇ ಬಿತ್ತು: "ಚಪ್ಪಲಿ ಹುಡುಗ ಬಂದಿದ್ದ, ಪಾಪ."

ಕೊನೆಗೊಮ್ಮೆ ಧೈರ್ಯ ಮಾಡಿ ಅವರ ಮುಂದೆಯೇ ಆ ದೃಶ್ಯವನ್ನು ಅಭಿನಯಿಸಿದೆ: ಅವರು ತಲೆದೂಗಿದ್ದು, "ಚಲೋ" ಅಂದದ್ದು, ನಾನು ಓಡಿದ್ದು. ಅವರು ನಗಲಿಲ್ಲ. "ತಪ್ಪು. ನೀ ಹಿಂಗ ಮಾಡಿದ್ದಿ," ಎಂದು ತಾವೇ ಎದ್ದು, ಕೈಮುಗಿದು, ಕುತ್ತಿಗೆ ಓರೆ ಮಾಡಿ, ಬಲಗಾಲಿನ ಚಪ್ಪಲಿಗೆ ಎಡಗಾಲು ತೂರಿಸಿ ಮುಗ್ಗರಿಸಿ ತೋರಿಸಿದರು. ಇಷ್ಟು ಚೆನ್ನಾಗಿ ನನ್ನನ್ನು ನಾನೂ ಮಾಡಲಾರೆ! ಕೊನೆಗೆ ತಮಗೇ ನಗು ತಡೆಯದೆ ಕುಸಿದು ಕೂತರು.

"ಹೋಗಂದ್ರ ಸುಮ್ನ ಎದ್ದು ಹೋಗಾಂವ! ಇಂಥಾ ಅಳಿಯ ಎಲ್ಲಿ ಸಿಗ್ತಾನಪಾ? ಒಂದು ಚಲೋ ಮುಹೂರ್ತ ನೋಡೂಣು."

ಚಲೋ ಎಂದದ್ದೇ ತಡ, ನಾನು ಸೋಫಾದ ತೋಳನ್ನು ಗಟ್ಟಿಯಾಗಿ ಹಿಡಿದು ಕೂತೆ. ಗೂಟ ಬದಲಾಗಲಿಲ್ಲ ನೋಡಿ. ಅದರ ಮೇಲಿನ ಅಂಗಿಯನ್ನು ತಿರುವಿ ಹಾಕಿದರು, ಅಷ್ಟೆ.

ಇವತ್ತು ಲೋಕಲಿನಲ್ಲಿ ಬರೀ ನಕ್ಕು ಸುಮ್ಮನಿರಲಾಗಲಿಲ್ಲ. ತಿರುಗಿ ಆ ಡಬ್ಬಿಯವನಿಗೆ "ಥ್ಯಾಂಕ್ಯೂ" ಎಂದೆ. ಅವನು ನನ್ನನ್ನೇ ದಿಟ್ಟಿಸಿ, ಪಕ್ಕದವನ ಕಿವಿಯಲ್ಲಿ ಏನೋ ಉಸುರಿದ. ನಾಳೆಯಿಂದ ಈ ಬೋಗಿಯಲ್ಲೂ ನನಗೊಂದು ಗೂಟ ಖಾಯಂ. ಸೀಟಂತೂ ಹೇಗೂ ಸಿಗುವುದಿಲ್ಲ.